ಮಾಷ್ಟ್ರ ಪ್ರೌಲ್

ಇಂಗ್ಲಿಷಿನ ‘ಪ್ರೌಲ್’ ಎಂಬ ಒಂದೇ ಒಂದು ಪದ ಕಕ್ಕಿಂಜೆಯ ಜನಜೀವನದ ಮೇಲೆ ಬೀರಿದ ಪರಿಣಾಮವನ್ನು ಇಷ್ಟರವರೆಗೆ ಯಾರೂ ದಾಖಲಿಸಿಲ್ಲ. ಆ ಗಂಭೀರ ಕೊರತೆಯನ್ನು ಇಲ್ಲಿ ತುಂಬಲಾಗಿದೆ.

ಊರ ಶಾಲೆಯ ಅತಿಥಿ ಶಿಕ್ಷಕ ಗಣೇಶಪ್ರಸಾದರ ಇಂಗ್ಲಿಷ್ ಪಾಠ ಕೇಳಲು ಅಂದು ಹನ್ನೊಂದು ಗಂಟೆಗೆ ಪರಿವೀಕ್ಷಕ ಕುಶಾಲಪ್ಪನವರು ಬರುವವರಿದ್ದರು. ಅವರು ಮೆಚ್ಚಿದರೆ ಮುಂದಿನ ವರ್ಷವೂ ಕೆಲಸ, ಇಲ್ಲದಿದ್ದರೆ ಇಲ್ಲ. ಕಳೆದ ಸಲ ನಡೆಯುವ ‘ವಾಕ್’, ಅಡ್ಡಾಡುವ ‘ಸ್ಟ್ರೋಲ್’ ಎರಡನ್ನೂ ಮಾಷ್ಟ್ರು ಒಂದೇ ನಡಿಗೆಯಲ್ಲಿ ತೋರಿಸಿ, ‘ಅಭಿನಯ ಸಾಲದು’ ಎಂಬ ಷರಾ ಪಡೆದಿದ್ದರು. ಈ ಸಲದ ಪದ ‘ಪ್ರೌಲ್’. ನಿಘಂಟು ಹೇಳಿತು: ಬೇಟೆಗಾಗಿ ಸದ್ದಿಲ್ಲದೆ ಸುಳಿದಾಡು.

ಬೆಳಗ್ಗೆ ಆರಕ್ಕೆ ಅವರು ಡೊಂಬಯ್ಯನ ರಬ್ಬರ್ ತೋಟಕ್ಕೆ ಅಭ್ಯಾಸಕ್ಕೆಂದು ಹೊಕ್ಕರು. ಮಂಜು ಮೊಣಕಾಲಿನವರೆಗೆ ನಿಂತಿತ್ತು. ರಬ್ಬರ್ ಹಾಲು ಹಿಡಿಯಲು ಮರಮರಕ್ಕೂ ಕಟ್ಟಿದ ತೆಂಗಿನ ಗೆರಟೆಗಳು ರೆಪ್ಪೆಯಿಲ್ಲದ ಕಣ್ಣುಗಳಂತೆ ನೋಡುತ್ತಿದ್ದವು. ಕಂದು ಸ್ವೆಟರಿನ, ಬೆನ್ನಿಗೆ ಇಳಿಬಿದ್ದ ಉದ್ದ ಮಫ್ಲರಿನ ಮಾಷ್ಟ್ರು ಕೈ ನೆಲಕ್ಕೂರಿ, ತರಗೆಲೆಯ ಮೇಲೆ ಹಪ್ಪಳ ತುಳಿದವರಂತೆ ಮುಂದುವರಿದರು. ಚರ್. ಚರ್. ಚರ್. ನಿಂತರು.

ಹಿಂದೆ ಇನ್ನೊಂದು ಚರ್.

ತಿರುಗಿದರೆ ಬರೀ ಮಂಜು. ಮತ್ತೆ ನಾಲ್ಕು ಹೆಜ್ಜೆ ಇಟ್ಟು ನಿಂತರು. ಐದನೆಯದು ಹಿಂದಿನಿಂದ ಬಂತು. ಜೊತೆಗೆ ಒದ್ದೆ ಗೋಣಿಯಂಥ ವಾಸನೆ. ಮಾಷ್ಟ್ರು ಪ್ರೌಲ್ ಬಿಟ್ಟು ‘ರನ್’ ಅನ್ನು ತಪ್ಪಿಲ್ಲದೆ ಅಭಿನಯಿಸಿದರು.

ಲೋಲಾಕ್ಷಿಯಕ್ಕನ ಹೋಟೆಲಿನಲ್ಲಿ ಮಾಷ್ಟ್ರು ಎರಡನೇ ಚಾ ಹೇಳುತ್ತಿರುವಾಗ ಡೊಂಬಯ್ಯ ಏದುಸಿರು ಬಿಡುತ್ತ ಬಂದ.

“ತೋಟದಲ್ಲಿ ಚಿರತೆ ಉಂಟು ಮಾರಾಯ್ರೆ! ಗುಡ್ಡದ ಮೇಲಿನ ತಟ್ಟಿನಿಂದ ಕಣ್ಣಾರೆ ಕಂಡೆ. ಬಗ್ಗಿ ಬಗ್ಗಿ ಹೋಗ್ತಿತ್ತು!”

“ಬಾಲ ಇತ್ತಾ?” ಲೋಲಾಕ್ಷಿಯಕ್ಕ ಕೇಳಿದಳು.

“ಇಷ್ಟುದ್ದ!”

ಮಾಷ್ಟ್ರು ತಮ್ಮ ಮಫ್ಲರನ್ನು ಮೆಲ್ಲ ಮಡಚಿ ಕಿಸೆಗೆ ತುರುಕಿದರು. ಹಾಗಾದರೆ ಡೊಂಬಯ್ಯ ಕಂಡ ಚಿರತೆ ಎಂದರೆ ತಾನು, ಬಾಲವೆಂದರೆ ಈ ಮಫ್ಲರು. ಹಿಂದಿನ ಸದ್ದು ಬರೀ ಭ್ರಮೆ. ಜೀವ ಬಂದಂತಾಯಿತು.

ಒಂಬತ್ತಕ್ಕೆ ಶಾಲೆಗೆ ರಜೆ ಸಾರಿದರು. ಹತ್ತೂವರೆಗೆ ಕುಶಾಲಪ್ಪನವರ ಜೀಪು ಹೋಟೆಲಿನೆದುರು ನಿಂತಿತು.

“ಚಿರತೆಯಂತಲ್ಲ? ನಾನು ವಾಪಸ್ ಹೋಗ್ತೇನೆ. ಪಾಠ ಆಗ್ಲಿಲ್ಲ ಅಂತ ಬರೀತೇನೆ.”

ಕೆಲಸ ಕಣ್ಣೆದುರೇ ಜೀಪು ಹತ್ತುತ್ತಿತ್ತು.

“ಸರ್, ಅದು ನಾನು.”

“ಯಾವುದು?”

“ಚಿರತೆ.”

“ಮಾಷ್ಟ್ರಿಗೆ ಜ್ವರ ಉಂಟಾ ನೋಡಿ” ಎಂದಳು ಲೋಲಾಕ್ಷಿಯಕ್ಕ.

ಮಾಷ್ಟ್ರು ಮಾನ ಮರೆತು, ಮಫ್ಲರನ್ನು ಹಿಂದೆ ಇಳಿಬಿಟ್ಟು, ಅಂಗಳದಲ್ಲಿ ನಾಲ್ಕು ಕಾಲಲ್ಲಿ ಪ್ರೌಲಿದರು. ಕುಶಾಲಪ್ಪನವರ ಮುಖ ಅರಳಿತು. ಅವರು ಪೆನ್ನು ತೆಗೆದು ‘ಉತ್ತಮ’ ಎಂದು ಬರೆಯತೊಡಗಿದರು.

ಡೊಂಬಯ್ಯ ತಲೆ ವಾರೆ ಮಾಡಿ ನೋಡಿದ. “ಹೌದು ಸರ್, ಇವರೇ. ಮುಂದೆ ಹೋಗ್ತಿದ್ದದ್ದು. ನಾನು ಮರಿ ಅಂತ ಗ್ರಹಿಸಿದ್ದೆ.”

ಮಾಷ್ಟ್ರು ನಾಲ್ಕು ಕಾಲಲ್ಲೇ ನಿಂತರು. “ಮತ್ತೆ... ಬಾಲ ಇದ್ದದ್ದು?”

“ಅದು ದೊಡ್ಡದು. ನಿಮ್ಮ ಹಿಂದೆ ಎರಡು ಮರ ಬಿಟ್ಟು ಬರ್ತಾ ಇತ್ತಲ್ಲ. ನೀವು ನಿಂತ್ರೆ ಅದೂ ನಿಲ್ತಿತ್ತು.”

ಒಲೆಯ ಮೇಲೆ ಹಾಲು ಉಕ್ಕಿತು. ಹೋಟೆಲಿನ ಹಿಂದಿನ ತರಗೆಲೆಯಲ್ಲಿ ಮೆಲ್ಲಗೆ ಚರ್ ಎಂದಿತು.

ಕುಶಾಲಪ್ಪನವರ ವರದಿ ವಾರದೊಳಗೆ ಬಂತು: ‘ಪ್ರೌಲ್ ಪದದ ಅರ್ಥ ಊರಿಗೇ ತಿಳಿದಿದೆ. ಇದಕ್ಕೆಂದು ಪ್ರತ್ಯೇಕ ಶಿಕ್ಷಕರ ಅಗತ್ಯ ಕಾಣುವುದಿಲ್ಲ.’

ಗಣೇಶಪ್ರಸಾದರ ಕೆಲಸ ಹೋಯಿತು.