ಗಡ್ಡೆ ಕರಗಿಸಲು ಬಂದು ಮನೆ ಆಳುತ್ತಿರುವ ಮಾತ್ರೆಯವರಿಗೆ

ಹಳದಿ ಡಬ್ಬಿಯಲ್ಲಿ ವಿರಾಜಮಾನರಾಗಿರುವ ಕ್ಯಾನ್ಸರ್ ಮಾತ್ರೆಯವರ ಸನ್ನಿಧಾನಕ್ಕೆ, ಪಶು ಆಸ್ಪತ್ರೆಗೆ ಬರುವವರೆಲ್ಲ ಓದಲೆಂದು ಅಲ್ಲಿನ ಗೋಡೆಗೂ ಒಂದು ಪ್ರತಿ.

ಮಾನ್ಯರೇ,

ಹನ್ನೊಂದು ಜನರ ಈ ಮನೆಗೆ ನಾನು ಹಿರಿಯಳು. ಹೈಸ್ಕೂಲಿನವರೆಗೆ ಓದಿದ್ದೇನೆ, ಆದ್ದರಿಂದ ತಮ್ಮ ಡಬ್ಬಿಯೊಳಗಿನ ಚೀಟಿಯನ್ನು ಯಾರಿಂದಲೂ ಓದಿಸಿಕೊಳ್ಳಬೇಕಾಗಲಿಲ್ಲ. ಮೂವತ್ತನಾಲ್ಕು ವರ್ಷಗಳಿಂದ ಇಲ್ಲಿ ಯಾರಿಗೆ ಜ್ವರ ಬಂದರೂ ಮಾತ್ರೆ ನನ್ನ ಅಂಗೈಯಿಂದಲೇ ಅವರ ಬಾಯಿಗೆ ಹೋಗಿದೆ. ದೊಡ್ಡದಾದರೆ ಮುರಿದು, ಕಹಿಯಾದರೆ ಗದರಿಸಿ ನುಂಗಿಸಿದ್ದೇನೆ.

ನಮ್ಮ ನಾಯಿ ಮ್ಯಾನೇಜರನ ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದು, ಅದು ಕ್ಯಾನ್ಸರ್ ಎಂದು ಹೇಳಿ ಪಶುವೈದ್ಯರು ತಮ್ಮನ್ನು ಕಳುಹಿಸಿಕೊಟ್ಟಾಗ, ಹೆಸರುಕಾಳಿನಷ್ಟೇ ಇದ್ದೀರೆಂದು ತಮ್ಮನ್ನು ಹಗುರವಾಗಿ ಕಂಡೆ, ಕ್ಷಮಿಸಬೇಕು. ಚೀಟಿ ಓದಿದರೆ, ತಮ್ಮನ್ನು ಬರಿಗೈಯಲ್ಲಿ ಮುಟ್ಟಬಾರದಂತೆ, ಮುರಿಯಬಾರದಂತೆ, ತಮ್ಮನ್ನು ನುಂಗಿದ ನಾಯಿಯ ಮೂತ್ರವನ್ನೂ ಕೈಗವಸು ತೊಟ್ಟೇ ಒರೆಸಬೇಕಂತೆ, ಗರ್ಭಿಣಿಯರಂತೂ ಹತ್ತಿರ ಸುಳಿಯಬಾರದಂತೆ. ನನ್ನ ಅತ್ತೆಯವರಿಗೂ ಇಷ್ಟು ಬಿಂಕವಿರಲಿಲ್ಲ.

ಮೊದಲ ದಿನ ಮ್ಯಾನೇಜರ್ ಬ್ರೆಡ್ಡು ತಿಂದು ತಮ್ಮನ್ನು ಮಾತ್ರ ಉಗಿದ. ತಾವು ಉರುಳುತ್ತ ಊಟದ ಮೇಜಿನಡಿಗೆ ದಯಮಾಡಿಸಿದ್ದೇ ತಡ, ಗರ್ಭಿಣಿ ಸೊಸೆಯನ್ನು ಕೋಣೆಗೆ ಅಟ್ಟಿ ಉಳಿದ ಹತ್ತೂ ಜನ, ಮಂಡಿನೋವಿನ ನಾನೂ ಸೇರಿ, ಕುರ್ಚಿ ಹತ್ತಿ ನಿಂತೆವು. ನಾನು ಒಳಗೆ ಬಂದರೆ ಕುಳಿತಲ್ಲಿಂದ ಏಳದ ಗಂಡುಮಕ್ಕಳನ್ನು ತಾವು ಕುರ್ಚಿಯ ಮೇಲೇ ನಿಲ್ಲಿಸಿದಿರಿ. ಇಂಥ ವರ್ಚಸ್ಸು ನನಗೆಲ್ಲಿ?

ಸಂಕಟವಿರುವುದು ಮುಂದೆ. ಸೊಸೆಗೆ ಈಗ ಐದು ತಿಂಗಳು, ಮ್ಯಾನೇಜರ್ ಮಲಗುತ್ತಿದ್ದುದು ಅವಳ ಕಾಲ ಬುಡದಲ್ಲೇ. ನಾಯಿಯನ್ನು ಬೇರೆಲ್ಲಾದರೂ ಬಿಡೋಣವೆಂದ ನನ್ನ ಮಗ. "ಬೇಡ ಅತ್ತೆ, ಅವನಿಗೆ ಮೊದಲೇ ಹುಷಾರಿಲ್ಲ, ನಾನೇ ಅಮ್ಮನ ಮನೆಗೆ ಹೋಗ್ತೀನಿ" ಎಂದಳು ಅವಳು. ಒಂದು ಮಾತ್ರೆಯ ಅಪ್ಪಣೆಯಂತೆ ನನ್ನ ಮನೆಯಿಂದ ಯಾರೂ ಹೊರಡಕೂಡದು. ತಾವು ಗಡ್ಡೆಯೊಂದಿಗೆ ಮಾತ್ರ ಜಗಳವಾಡಿ, ಹೊಟ್ಟೆ ಕರುಳುಗಳ ಕುಶಲ ವಿಚಾರಿಸಿ, ಹೊರಡುವಾಗ ಮೂತ್ರದ ದಾರಿ ಬಿಟ್ಟು ಬಾಲದ ತುದಿಯಿಂದ ಇಳಿದುಹೋಗಬೇಕೆಂದು ಡಬ್ಬಿಯ ಮುಂದೆ ನಿಂತು ವಿನಂತಿಸಿಕೊಂಡೆ. ಚೀಟಿಯನ್ನು ಮತ್ತೊಮ್ಮೆ ಓದಿದೆ, ಬಾಲದ ದಾರಿ ಅದರಲ್ಲಿರಲಿಲ್ಲ.

ಆದಕಾರಣ ಮರುದಿನವೇ ಬೀಗದ ಕೈಗೊಂಚಲನ್ನು ಸೊಸೆಗೆ ಕೊಟ್ಟು, ನನ್ನ ಮಂಚವನ್ನು ಹಿಂದಿನ ಬಟ್ಟೆ ಒಗೆಯುವ ಕೋಣೆಗೆ ಹಾಕಿಸಿಕೊಂಡೆ. ಮೂರು ವಾರದಿಂದ ಮ್ಯಾನೇಜರನೂ ತಾವೂ ನಾನೂ ಅಲ್ಲೇ ಇದ್ದೇವೆ. ಅವನ ಚಿಕಿತ್ಸೆ ಮುಗಿಯುವವರೆಗೆ ಮನೆ ಅವಳದು.

ಮೊಣಕೈವರೆಗೆ ಕೈಗವಸು ತೊಟ್ಟಿರುವ,
ತಮ್ಮ ವಿಶ್ವಾಸಿ,
ಮನೆಯ ಹಿರಿಯಳು

ತಾ.ಕ.: ಗಡ್ಡೆ ನೆಲ್ಲಿಕಾಯಿಯಷ್ಟಾಗಿದೆ, ಅದಕ್ಕೆ ಬೀಗಬೇಡಿ. ಇಂದು ಬೆಳಿಗ್ಗೆ ತಾವು ಮತ್ತೆ ನೆಲಕ್ಕುರುಳಿದಾಗ ನಾನು ಕುರ್ಚಿ ಹತ್ತಲಿಲ್ಲ, ಬಗ್ಗಿ ಹೆಕ್ಕಿದೆ ಎಂಬುದನ್ನು ಮರೆಯದಿರಿ.