ನಾಯಿಮರಿಯ ಮುಂದೆ ತಲೆಗೆ ಸೆರಗು

ಶ್ರಾವಣಿ, ಅಭಿ, ನಾಯಿಗಳ ವಿಷಯದಲ್ಲಿ ನಿಮ್ಮ ಅಜ್ಜಿಗೆ ತಿಳಿಯದ್ದು ಏನೂ ಇಲ್ಲ ಎಂದು ಹೋದ ವರ್ಷದ ತನಕ ನಾನು ನಂಬಿದ್ದೆ. ಕುರುಗೋಡಿನ ನಮ್ಮ ಓಣಿಯಲ್ಲಿ ಏಳೆಂಟು ನಾಯಿಗಳಿದ್ದವು. ಯಾವುದು ಹಸಿದು ಬೊಗಳುತ್ತಿದೆ, ಯಾವುದು ಸುಮ್ಮನೆ ಚಟಕ್ಕೆ ಬೊಗಳುತ್ತಿದೆ ಎಂದು ಒಳಗೆ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದೆ. ನಾನು ಊರ ಸಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು. ನಾಲ್ಕು ಜನ ಸೇರಿದರೆ ಬಾಗಿಲ ಹಿಂದೆ ಹೋಗಿ ನಿಲ್ಲುವವಳು. ಧೈರ್ಯವಾಗಿ ಮಾತಾಡಲು ನನಗಿದ್ದದ್ದು ಇದೊಂದೇ ವಿಷಯ. ಅದೂ ಹೋಯಿತು.

ಹೇಗೆ ಹೋಯಿತೆಂದು ಮನೆಗೆ ಬಂದವರಿಗೆಲ್ಲ ನೀವಿಬ್ಬರೂ ಹೇಳುತ್ತೀರಿ. ಪ್ರತಿ ಸಲವೂ ಒಂದಿಷ್ಟು ಸೇರಿಸುತ್ತೀರಿ. ಮೊನ್ನೆ ಅಭಿ ಹೇಳುವಾಗ ನಾನು ನಾಯಿಗೆ ಆರತಿ ಬೆಳಗಿದ್ದೆನಂತೆ. ಆರತಿ ಬೆಳಗಿಲ್ಲ. ಆ ಮಟ್ಟಕ್ಕೆ ಹೋಗುವ ಮೊದಲೇ ಸಿಕ್ಕಿಬಿದ್ದೆ. ಅದಕ್ಕೇ ಆದದ್ದನ್ನು ಆದಂತೆ ಬರೆದಿಡುತ್ತಿದ್ದೇನೆ.

ನೀವು ಚಿನ್ನುವನ್ನು ಪಟ್ಟಣದ ಸತ್ಯನಾರಾಯಣಪೇಟೆಯ ಈ ಮನೆಗೆ ತಂದಾಗ ಅದು ನನ್ನ ಎರಡು ಅಂಗೈಯಲ್ಲಿ ಹಿಡಿಸುತ್ತಿತ್ತು. ನಿಮ್ಮ ಅಮ್ಮ, ಅಂದರೆ ನನ್ನ ಸೊಸೆ ಸುಮಾ, ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಮನೆಯಲ್ಲೂ ಅವಳದು ಹೆಡ್‌ಮಾಸ್ತರರ ಮಾತು.

"ದೀಪಾವಳಿ ತನಕ ನೋಡ್ತೀನಿ. ಅಷ್ಟರಾಗ ಏನರ ರಾದ್ಧಾಂತ ಮಾಡ್ತು ಅಂದ್ರ ಸೀದಾ ಸಿರುಗುಪ್ಪಕ್ಕ ಹೋಗ್ತೈತಿ."

ಸಿರುಗುಪ್ಪ ಎಂದರೆ ಅವಳ ಅಣ್ಣ ವೀರೇಶನ ಅಕ್ಕಿ ಗಿರಣಿ. ಅಲ್ಲಿ ಭತ್ತದ ಚೀಲಗಳ ಪಕ್ಕ ಸರಪಳಿಯಲ್ಲಿ ಕಟ್ಟಿದ ಎರಡು ನಾಯಿಗಳನ್ನು ನೀವು ನೋಡಿದ್ದೀರಿ. ಅವು ಬಾಲ ಅಲ್ಲಾಡಿಸಿದ್ದನ್ನು ಮಾತ್ರ ಯಾರೂ ನೋಡಿಲ್ಲ. ಶ್ರಾವಣಿ, ನೀನು ಅವತ್ತು ಊಟ ಬಿಟ್ಟೆ. ಅಭಿ ಅರ್ಧ ಊಟ ಬಿಟ್ಟ. ಹಗಲು ಹೊತ್ತು ನೀವು ಸಾಲೆಗೆ, ಅಮ್ಮ ಸಾಲೆಗೆ, ನಿಮ್ಮಪ್ಪ ಜೀನ್ಸ್ ಹೊಲಿಯುವ ತನ್ನ ಕಾರ್ಖಾನೆಗೆ. ಮನೆಯಲ್ಲಿ ಇರುವವಳು ನಾನೊಬ್ಬಳೇ.

"ಅಜ್ಜಿ, ಚಿನ್ನು ಏನೂ ಮಾಡದಂಗ ನೋಡ್ಕೊಂತೀಯೇನು?" ಎಂದು ನೀವು ಕೇಳಿದಿರಿ.

"ನಾ ಅದೀನಲ್ಲ" ಎಂದೆ. ಎಷ್ಟು ಧೈರ್ಯವಾಗಿ ಎಂದೆ.

ಒಂದು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಚಿನ್ನು ವಿಚಿತ್ರವಾಗಿ ಆಡತೊಡಗಿತು. ಬೆಳಿಗ್ಗೆ ಎಲ್ಲರೂ ಹೊರಟುಹೋಗಿ ಮನೆ ಶಾಂತವಾದ ಕೂಡಲೇ ಅದು ಪಡಸಾಲೆಗೆ ಬಂದು, ಗಂಧದ ಹಾರ ಹಾಕಿದ ನಿಮ್ಮ ತಾತನ ಫೋಟೊ ಎದುರಿಗೆ ಕೂರುತ್ತಿತ್ತು. ಕತ್ತು ಓರೆ ಮಾಡಿ ನೋಡುವುದು. ಬಾಲ ಅಲ್ಲಾಡಿಸುವುದು. ಕುಂಯ್ ಎನ್ನುವುದು. ಅರ್ಧ ಗಂಟೆ ಕದಲುತ್ತಿರಲಿಲ್ಲ. ಅವರು ಬದುಕಿದ್ದಾಗ ನಾನೇ ಅವರ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಅವರ ನೆನಪಿಗೆಂದು ಮಂಚದ ಕೆಳಗೆ ಇಟ್ಟಿದ್ದ ಹಳೆಯ ಚಪ್ಪಲಿಗಳನ್ನು ಅದು ಎಳೆದು ತಂದಿತು. ಮನೆಯಲ್ಲಿ ಹತ್ತು ಜೊತೆ ಚಪ್ಪಲಿ ಇರುವಾಗ ಅವೇ ಏಕೆ ಬೇಕು? ಮಲಗುವ ಮುಂಚೆ ಮೂರು ಸುತ್ತು ಸುತ್ತುತ್ತಿತ್ತು. ಅವರೂ ಹಾಸಿಗೆಯನ್ನು ಮೂರು ಸಲ ಕೊಡವದೆ ಮಲಗಿದವರಲ್ಲ. ಬೆಕ್ಕನ್ನು ಕಂಡರೆ ಮೈಮೇಲೆ ಬಂದಂತೆ ಆಡುತ್ತಿತ್ತು. ಅವರಿಗೂ ಬೆಕ್ಕೆಂದರೆ ಆಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ಕೊನೆಗೆ ಒಂದು ದಿನ ನಿಮ್ಮಪ್ಪನ ಚೀಲದಿಂದ ಅಳತೆ ಟೇಪನ್ನು ಹೊರಗೆಳೆದು, ಕುತ್ತಿಗೆಗೆ ಸುತ್ತಿಕೊಂಡು ನನ್ನ ಎದುರಿಗೇ ಬಂದು ನಿಂತಿತು.

ನಿಮ್ಮ ತಾತ ಕುರುಗೋಡಿನಲ್ಲಿ ನಲವತ್ತು ವರ್ಷ ದರ್ಜಿಯಾಗಿದ್ದವರು. ಕುತ್ತಿಗೆಯಲ್ಲಿ ಟೇಪು ಇಲ್ಲದ ಅವರನ್ನು ನಾನು ನೋಡಿದ್ದೇ ಕಡಿಮೆ. ನನ್ನ ಕೈಯಲ್ಲಿದ್ದ ಮೊರ ಜಾರಿ ಬಿತ್ತು.

ಪಕ್ಕದ ಮನೆಯ ಲಕ್ಷ್ಮಮ್ಮನ ಹತ್ತಿರ ಓಡಿದೆ. ಅವಳು ಆದೋನಿ ಕಡೆಯವಳು, ಗಾಬರಿಯಾದರೆ ತೆಲುಗಿನಲ್ಲಿ ದೇವರನ್ನು ಕರೆಯುತ್ತಾಳೆ.

"ಅಯ್ಯೋ ದೇವುಡಾ. ಶಾಂತಕ್ಕ, ನಿಮ್ಮ ಯಜಮಾನ್ರು ಹೋಗಿ ಎಷ್ಟು ವರ್ಷ ಆತು?"

"ಹೋದ ಶ್ರಾವಣಕ್ಕ ಮೂರು."

"ನಾಯಿಗೆಷ್ಟು ವಯಸ್ಸು?"

"ನಾಕು ತಿಂಗಳು."

ಲಕ್ಷ್ಮಮ್ಮ ಬೆರಳು ಮಡಚಿ ಮಡಚಿ ಎಣಿಸಿದಳು. ಏನನ್ನು ಎಣಿಸಿದಳೋ ನನಗೆ ಇವತ್ತಿಗೂ ತಿಳಿದಿಲ್ಲ. "ಸರಿಯಾಗಿ ಹೊಂದ್ತೈತಿ" ಎಂದಳು.

ಮಾರನೆಯ ದಿನ ಚಿನ್ನು ಫೋಟೊ ಎದುರಿಗೆ ಕುಳಿತಾಗ ನಾನೂ ಹೋಗಿ ಕುಳಿತೆ. ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿ, ಮೆಲ್ಲಗೆ ಕೇಳಿದೆ: "ಖರೇ ಹೇಳ್ರಿ. ನೀವೇ ಏನು?"

ಚಿನ್ನು ಕಿವಿ ನಿಮಿರಿಸಿತು. ಫೋಟೊ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತು: "ಲೊಚ್ ಲೊಚ್ ಲೊಚ್."

ಮಾತಾಡುವಾಗ ಹಲ್ಲಿ ಲೊಚಗುಟ್ಟಿತೆಂದರೆ ಆ ಮಾತು ನಿಜ ಎಂದು ನಮ್ಮ ಮನೆಗಳಲ್ಲಿ ನಂಬುತ್ತಾರೆ. ನಾನು ನೆಲಕ್ಕೆ ಮೂರು ಸಲ ಬೆರಳು ತಟ್ಟಿದೆ. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡೆ.

ಅವತ್ತಿನಿಂದ ನನ್ನ ನಡವಳಿಕೆಯೇ ಬದಲಾಯಿತು. "ಲೇ ಚಿನ್ನು, ಬಾ ಇಲ್ಲಿ" ಎನ್ನುತ್ತಿದ್ದವಳು "ಬರ್ರಿ, ನೀರು ಕುಡೀರಿ" ಎನ್ನತೊಡಗಿದೆ. ಗಂಡನ ಹೆಸರು ಹೇಳಿದವಳಲ್ಲ, ಈಗ ಚಿನ್ನುವಿನ ಹೆಸರನ್ನೂ ಬಿಟ್ಟೆ. ಅದು ಉಣ್ಣದೆ ನಾನು ಉಣ್ಣುತ್ತಿರಲಿಲ್ಲ. ಅದು ದಿನಪತ್ರಿಕೆಯ ಮೇಲೆ ಉಚ್ಚೆ ಹೊಯ್ದಾಗ ಮಾತ್ರ ಸ್ವಲ್ಪ ಅನುಮಾನ ಬಂತು. ಆದರೆ ಆ ಪತ್ರಿಕೆಯೆಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಅಭಿ, ನೀನು ಒಂದು ಸಂಜೆ ಕೇಳಿದ್ದೆ: "ಅಜ್ಜಿ, ನಾಯಿಗ್ಯಾಕ ಬರ್ರಿ ಹೋಗ್ರಿ ಅಂತೀದಿ?"

"ಅದಕ್ಕೂ ಮರ್ಯಾದಿ ಕಲಿಸಬೇಕಲ್ಲ."

"ಮತ್ತ ನಂಗ ಲೇ ಅಂತೀದಿ."

ನಾನು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದೆ.

ಇನ್ನು ಬೆಕ್ಕಿನ ವಿಷಯ. ನಿಮ್ಮಪ್ಪ ಚಿಕ್ಕವನಿದ್ದಾಗ ತಾತನ ಹೊಲಿಗೆ ಮಷೀನಿನ ಪಕ್ಕ ಒಂದು ರೇಡಿಯೋ ಇತ್ತು. ಅವರಿಗೆ ಅದರ ಮೇಲೆ ಪ್ರಾಣ. ಒಂದು ದಿನ ಒರೆಸಲು ಹೋಗಿ ಅದನ್ನು ನೀರಿನ ಹಂಡೆಗೆ ಬೀಳಿಸಿದೆ. ಅವರು ಕೇಳಿದಾಗ ಹೆದರಿಕೆಗೆ "ಬೆಕ್ಕು ಬೀಳಿಸ್ತು" ಎಂದುಬಿಟ್ಟೆ. ಅವತ್ತಿನಿಂದ ಅವರು ಕುರುಗೋಡಿನ ಒಂದು ಬೆಕ್ಕನ್ನೂ ಹೊಸ್ತಿಲು ದಾಟಗೊಡಲಿಲ್ಲ. ಬೆಕ್ಕು ಕಂಡಾಗಲೆಲ್ಲ ಬಟ್ಟೆ ಅಳೆಯುವ ಗಜಕಡ್ಡಿ ಕೈಗೆ ಎತ್ತಿಕೊಳ್ಳುತ್ತಿದ್ದರು. ನಾನು ತಲೆ ತಗ್ಗಿಸಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದೆ. ಮೂವತ್ತು ವರ್ಷ ಹೇಳಲಾಗಲಿಲ್ಲ, ಅಷ್ಟರಲ್ಲಿ ಅವರು ಹೋದರು.

ಈಗ ಅವರೇ ಬಂದು ಎದುರಿಗೆ ಕುಳಿತಿರುವಾಗ ಮುಚ್ಚಿಡುವುದು ಹೇಗೆ? ಸೆರಗು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದೆ. "ತಪ್ಪಾತ್ರಿ. ಬೆಕ್ಕಲ್ಲ, ನಾನು" ಎಂದೆ. ಚಿನ್ನು ಎದ್ದು ಬಂದು ನನ್ನ ಕೈ ನೆಕ್ಕಿತು. ಹಲ್ಲಿ ಲೊಚಗುಟ್ಟಿತು. ನನ್ನ ಕಣ್ಣಲ್ಲಿ ನೀರು ಬಂತು.

ಕ್ಷಮಿಸಿದ ಗಂಡನಿಗೆ ಬರಿಯ ಹಾಲನ್ನ ಹಾಕಲು ಮನಸ್ಸಾದರೂ ಹೇಗೆ ಬಂದೀತು? ಅವರಿಗೆ ಮಂಡಕ್ಕಿ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಎಂದರೆ ಪ್ರಾಣ. ಉಳ್ಳಾಗಡ್ಡಿ ಧಾರಾಳವಾಗಿ ಹಾಕಿ ಒಗ್ಗರಣೆ ಮಾಡಿದೆ. ಉದ್ದನೆಯ ಮೆಣಸಿನಕಾಯಿ ಸೀಳಿ, ಹಿಟ್ಟಲ್ಲಿ ಅದ್ದಿ, ಬಂಗಾರದ ಬಣ್ಣಕ್ಕೆ ಕರಿದೆ. ತಟ್ಟೆ ಹಾಕಿ "ಉಣ್ರಿ" ಎಂದೆ. ಚಿನ್ನು ಎರಡು ಮಿರ್ಚಿಯನ್ನು ಎರಡೇ ಗುಕ್ಕಿಗೆ ನುಂಗಿತು. ಅವರೂ ಹಾಗೆಯೇ ತಿನ್ನುತ್ತಿದ್ದರು. ಇದ್ದ ಒಂದು ಚೂರು ಅನುಮಾನವೂ ಅಲ್ಲಿಗೆ ಮುಗಿಯಿತು.

ಆಮೇಲಿನದನ್ನು ಚಿಕ್ಕದಾಗಿ ಬರೆಯುತ್ತೇನೆ. ಸುಮಾ ಆಗ ತಾನೇ ಬಂದು, ತಿದ್ದಬೇಕಾದ ಪರೀಕ್ಷೆಯ ಪೇಪರುಗಳನ್ನು ಚಾಪೆಯ ಮೇಲೆ ಹರಡಿಕೊಂಡಿದ್ದಳು. ಚಿನ್ನು ಬಾಣದಂತೆ ಬಂದು ಅವುಗಳ ಮೇಲೆ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ತನ್ನ ಕಷ್ಟವನ್ನು ಹೇಳಿಕೊಂಡಿತು. ಒಂಬತ್ತನೇ ಕ್ಲಾಸಿನ ಹನ್ನೊಂದು ಮಕ್ಕಳ ಸಮಾಜ ವಿಜ್ಞಾನ ಹೋಯಿತು.

"ಸಾಕಾತು ಅತ್ತಿ" ಎಂದಳು ಸುಮಾ. "ಚಪ್ಲಿ ಕಡೀತೈತಿ, ಗ್ವಾಡಿ ನೋಡಿ ಬೊಗಳ್ತೈತಿ, ಈಗ ರೋಗ ಬ್ಯಾರೆ. ತಲಿ ಸರಿ ಇಲ್ಲದ ನಾಯಿ ಮಕ್ಕಳಿರೋ ಮನಿಯಾಗ ಬ್ಯಾಡ. ಅಣ್ಣಗ ಫೋನ್ ಮಾಡ್ತೀನಿ, ಐತಾರ ಬಂದು ಒಯ್ಯಲಿ."

ಮಿರ್ಚಿ ಹಾಕಿದ್ದು ನಾನು ಎಂದು ಹೇಳಬೇಕಿತ್ತು. ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಶ್ರಾವಣಿ, ನೀನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ರೇಡಿಯೋ ನೀರಿಗೆ ಬಿದ್ದ ದಿನ ನಾನು ಹೇಗೆ ನಿಂತಿದ್ದೆನೋ ಹಾಗೆಯೇ ನಿಂತಿದ್ದೆ. ಅವತ್ತು ಬೆಕ್ಕು, ಇವತ್ತು ನಾಯಿ.

ಮರುದಿನ ಚಿನ್ನುವನ್ನು ಕೈಚೀಲದಲ್ಲಿ ಕೂರಿಸಿಕೊಂಡು, ಲಕ್ಷ್ಮಮ್ಮನನ್ನು ಜೊತೆಗೆ ಕರೆದುಕೊಂಡು ಆಟೋದಲ್ಲಿ ನಾಯಿ ಡಾಕ್ಟರ ಹತ್ತಿರ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಏನಾಗೈತ್ರಿ ಅಮ್ಮ?"

"ಇವರಿಗೆ ಹೊಟ್ಟಿ ಸರಿ ಇಲ್ರಿ" ಎಂದೆ.

ಡಾಕ್ಟರು ಲಕ್ಷ್ಮಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಇದು ದನ, ನಾಯಿ ನೋಡೋ ದವಾಖಾನಿರಿ."

"ಅವಳಲ್ರಿ. ಇವರು." ಚೀಲ ತೆರೆದು ತೋರಿಸಿದೆ.

"ಏನು ತಿಂದೈತಿ?"

"ಎರಡು ಮಿರ್ಚಿ, ಒಂದು ತಟ್ಟಿ ಒಗ್ಗರಣಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾರು ಹಾಕಿದ್ದು?"

"ಅವರಿಗೆ ಭಾಳ ಇಷ್ಟರಿ" ಎಂದು ಲಕ್ಷ್ಮಮ್ಮ ನಡುವೆ ಬಾಯಿ ಹಾಕಿದಳು.

ಖಾರ, ಉಳ್ಳಾಗಡ್ಡಿ ನಾಯಿಗೆ ವಿಷವಿದ್ದಂತೆ ಎಂದು ಡಾಕ್ಟರು ನನ್ನನ್ನು ಚೆನ್ನಾಗಿ ಬೈದರು. ಔಷಧ ಕುಡಿಸಿದರು. ನಾನು ತಗ್ಗಿದ ದನಿಯಲ್ಲಿ ಉಳಿದದ್ದನ್ನೂ ಕೇಳಿದೆ. ಚಪ್ಪಲಿ ಏಕೆ ಕಡಿಯುತ್ತದೆ? ಹಾಲು ಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸು, ಒಸಡು ನವೆಯಾಗುತ್ತದೆ, ಹಳೆಯ ಚರ್ಮ ಮೆತ್ತಗಿರುತ್ತದೆ. ಮೂರು ಸುತ್ತು? ಎಲ್ಲ ನಾಯಿಗಳೂ ಸುತ್ತುತ್ತವೆ. ಟೇಪು? ಉದ್ದವಾಗಿ ಜೋತಾಡುವುದು ಏನು ಸಿಕ್ಕರೂ ಮರಿಗಳು ಎಳೆಯುತ್ತವೆ. ಗೋಡೆ ನೋಡುವುದು?

"ಅಲ್ಲಿ ಹಲ್ಲಿಗಿಲ್ಲಿ ಇರಬೇಕ್ರಿ. ನಮಗ ಕೇಳಂಗಿಲ್ಲ, ಅವಕ್ಕ ಸಣ್ಣ ಸದ್ದೂ ಕೇಳ್ತೈತಿ."

ನನಗೂ ಕೇಳಿತ್ತು. ಚೆನ್ನಾಗಿಯೇ ಕೇಳಿತ್ತು.

ಡಾಕ್ಟರು ಚೀಟಿ ಬರೆಯುತ್ತ ಗಟ್ಟಿಯಾಗಿ ಓದಿಕೊಂಡರು: "ಚಿನ್ನು. ಹೆಣ್ಣು. ನಾಕು ತಿಂಗಳು."

"ಏನಂದ್ರಿ?"

"ಹೆಣ್ಣು ಮರಿ ಅಂದೆ. ನಿಮಗ ಗೊತ್ತಿಲ್ಲೇನು?"

ಗೊತ್ತಿರಲಿಲ್ಲ, ಮಕ್ಕಳೇ. ಮೊದಲು ನೋಡುವ ಪ್ರಸಂಗ ಬಂದಿರಲಿಲ್ಲ. ಆಮೇಲೆ ನೋಡುವ ಧೈರ್ಯ ಬಂದಿರಲಿಲ್ಲ.

ಆಟೋದಲ್ಲಿ ಬರುವಾಗ ಲಕ್ಷ್ಮಮ್ಮ ಮತ್ತೆ ಬೆರಳು ಮಡಚಿ ಎಣಿಸಿ, "ಹೆಣ್ಣಾಗಿ ಹುಟ್ಟಬಾರ್ದು ಅಂತ ಎಲ್ಲೈತಿ ಶಾಂತಕ್ಕ?" ಎಂದಳು. ಸುಮ್ಮನಿರು ಎಂದು ನಾನು ಅವಳಿಗೆ ಹೇಳಿದ್ದು ಅದೇ ಮೊದಲು.

ಭಾನುವಾರ ವೀರೇಶ ಬಂದ. ಕೈಯಲ್ಲಿ ಸರಪಳಿ ಇತ್ತು, ಚಿನ್ನುವಿಗಿಂತ ಅದೇ ಭಾರವಾಗಿತ್ತು. ಸೊಸೆಯ ಅಣ್ಣ ಬಂದಾಗ ನಾನು ಚಹಾ ಒಳಗಿನಿಂದಲೇ ಕಳಿಸುವವಳು. ಇಷ್ಟು ವರ್ಷದಲ್ಲಿ ಅವನೊಂದಿಗೆ "ಆರಾಮದೀಯೇನಪ್ಪಾ" ಎಂಬುದರ ಆಚೆಗೆ ಮಾತಾಡಿಲ್ಲ. ಬಾಗಿಲ ಹಿಂದೆ ನಿಂತಿದ್ದೆ. ನೀವಿಬ್ಬರೂ ಚಿನ್ನುವನ್ನು ತಬ್ಬಿಕೊಂಡು ಕುಳಿತಿದ್ದಿರಿ. ವೀರೇಶ ಬಗ್ಗಿ ಸರಪಳಿ ಹಾಕುವಾಗ ಚಿನ್ನು ಅವನ ಕೈಯನ್ನೂ ನೆಕ್ಕಿತು.

ನನ್ನ ಕಾಲು ಹೊರಗೆ ಬಂದಿತ್ತು. ನಾನೂ ಅದರ ಹಿಂದೆ ಬಂದೆ.

"ನಾಯಿದು ತಪ್ಪಿಲ್ಲಪ್ಪಾ. ಮಿರ್ಚಿ ಹಾಕಿದಾಕಿ ನಾನು."

"ಅತ್ತಿ" ಎಂದಳು ಸುಮಾ, "ನಾಯಿಗೆ ಮಿರ್ಚಿ ಯಾಕ ಹಾಕಿದ್ರಿ?"

ಅಲ್ಲಿಗೆ ಬಿಡುವಂತಿರಲಿಲ್ಲ. ಚಪ್ಪಲಿ, ಟೇಪು, ಹಲ್ಲಿ, ಸೆರಗು, ಲಕ್ಷ್ಮಮ್ಮನ ಲೆಕ್ಕ, ಡಾಕ್ಟರ ಚೀಟಿ, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿದೆ. ರೇಡಿಯೋ ಒಂದನ್ನು ಮಾತ್ರ ಬಿಟ್ಟೆ. ತಲೆ ಎತ್ತಿದಾಗ ವೀರೇಶ ಸರಪಳಿಯಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದ. ನಿಮ್ಮಪ್ಪ ನಗಲೂ ಆಗದೆ ಬಿಡಲೂ ಆಗದೆ ಹೊರಗೆ ಹೋಗಿದ್ದ. ವೀರೇಶ ಸ್ಟೂಲು ಹತ್ತಿ ಫೋಟೊವನ್ನು ಒಂಚೂರು ಸರಿಸಿದ. ಹಿಂದಿನಿಂದ ಬೆರಳು ಗಾತ್ರದ ಹಲ್ಲಿಯೊಂದು ಹೊರಬಂದು ನಮ್ಮೆಲ್ಲರನ್ನೂ ನೋಡಿ ಮತ್ತೆ ಒಳಗೆ ಹೋಯಿತು. ಚಿನ್ನು ಕುಂಯ್ ಎಂದು ಕತ್ತು ಓರೆ ಮಾಡಿತು.

"ಸುಮಾ, ಈ ನಾಯಿ ತಲಿ ಸರಿ ಐತವ್ವ" ಎಂದ ವೀರೇಶ, ಉಳಿದದ್ದನ್ನು ಹೇಳದೆ.

ಸುಮಾ ಅಣ್ಣನ ಕೈಯಿಂದ ಸರಪಳಿ ತೆಗೆದುಕೊಂಡು ಬಾಗಿಲಾಚೆ ಇಟ್ಟಳು. "ಚಿನ್ನು ಇಲ್ಲೇ ಇರ್ಲಿ ಅತ್ತಿ. ಹಗಲೊತ್ತು ನಿಮ್ಮನ್ನ ನೋಡಿಕೊಳ್ಳಾಕ ಮನಿಯಾಗ ಯಾರರ ಬೇಕಲ್ಲ."

ಹೀಗೆ ಚಿನ್ನು ಉಳಿಯಿತು, ನನ್ನ ಮಾನ ಹೋಯಿತು. ವೀರೇಶ ಈಗ ಫೋನ್ ಮಾಡಿದಾಗಲೆಲ್ಲ "ಅತ್ತಿ, ಮನಿಯವರು ಆರಾಮೇನ್ರಿ?" ಎಂದು ಕೇಳುತ್ತಾನೆ. ನಾನೂ ಈಗ ಅವನೊಂದಿಗೆ ನಾಲ್ಕು ಮಾತಾಡುತ್ತೇನೆ. ಮುಚ್ಚಿಡಲು ಇನ್ನೇನಿದೆ?

ಒಂದು ಇತ್ತು. ಕಳೆದ ವಾರ ಮನೆಯಲ್ಲಿ ಯಾರೂ ಇಲ್ಲದಾಗ ಲೆಕ್ಕ ಹಾಕಿದೆ. ಮೂವತ್ತು ವರ್ಷ ಮುಚ್ಚಿಟ್ಟ ಸತ್ಯವನ್ನು ನಾನು ಹೇಳಿದ್ದು ಒಂದು ಹೆಣ್ಣು ನಾಯಿಮರಿಗೆ. ಯಾರಿಗೆ ಹೇಳಬೇಕಿತ್ತೋ ಅವರಿಗೆ ಇನ್ನೂ ಹೇಳಿಲ್ಲ. ಫೋಟೊ ಎದುರಿಗೆ ಹೋಗಿ ನಿಂತೆ. ಚಿನ್ನು ಮೊದಲೇ ಬಂದು ಕುಳಿತಿತ್ತು. ಈ ಸಲ ಅವರ ಮುಖವನ್ನೇ ನೋಡಿ, "ರೇಡಿಯೋ ಬೀಳಿಸಿದ್ದು ಬೆಕ್ಕಲ್ಲರಿ, ನಾನು" ಎಂದೆ.

"ಲೊಚ್ ಲೊಚ್ ಲೊಚ್."

ಅದು ಹಲ್ಲಿ ಎಂದು ನನಗೆ ಗೊತ್ತು. ಅದರ ಮುಖವನ್ನೂ ನೋಡಿದ್ದೇನೆ. ಡಾಕ್ಟರು ಹೇಳಿದ್ದೂ ನೆನಪಿದೆ. ಆದರೂ ನೋಡುತ್ತೇನೆ, ನನಗೆ ತಿಳಿಯದೆಯೇ ಸೆರಗು ತಲೆಯ ಮೇಲೆ ಬಂದಿತ್ತು.