ಬಾಗಿಲ ಮೇಲೊಂದು ಅಳಿದುಹೋದ ಕತ್ತೆಕಿರುಬ

ದೃಷ್ಟಿಗೊಂಬೆಯನ್ನೂ ವೈಜ್ಞಾನಿಕವಾಗಿ ಮಾಡಿ ಹೈದರಾಬಾದಿನ ಕಣ್ಣು ತೆರೆಸುತ್ತೇನೆಂದು ನಾನು ಪಣ ತೊಟ್ಟೆ!

ಅದು ಸಾಫ್ಟ್‌ವೇರ್ ಸುಗ್ಗಿಯ ಕಾಲ. ಗಚ್ಚಿಬೌಲಿಯಲ್ಲಿ ಬಂಡೆ ಸಿಡಿದಲ್ಲೆಲ್ಲ ಅಪಾರ್ಟ್‌ಮೆಂಟ್ ಏಳುತ್ತಿತ್ತು. ಅಂಥದೊಂದರ ನೆಲಮಹಡಿಯಲ್ಲಿ, ಅರ್ಧ ಆಯುಷ್ಯವನ್ನು ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸವೆಸಿದ ನಾವೂ ಫ್ಲ್ಯಾಟು ಕೊಂಡಿದ್ದೆವು. ಸುತ್ತಲಿನ ಬಾಗಿಲುಗಳ ಮೇಲೆಲ್ಲ ಅದೇ ಮೀಸೆ, ಅದೇ ಚಾಚಿದ ನಾಲಗೆ, ಅದೇ ರಾಕ್ಷಸ. ಲೆಕ್ಕಪರಿಶೋಧನೆಯ ಹಿರಿಯ ಅಧಿಕಾರಿಯ ಮನೆಗೂ ಅದೇನೇ? ಛೇ!

“ಪ್ಯಾಕಿಕ್ರೊಕುಟಾ!” ಎಂದು ಘೋಷಿಸಿದೆ.

“ಯಾವ ಕಂಪನಿ ಬಿಸ್ಕೀಟ್ರೀ ಅದು?” ಎಂದಳು ಹೆಂಡತಿ ಪ್ರಿಯಂವದಾ.

“ಈಗಿನ ಕತ್ತೆಕಿರುಬದ ದೊಡ್ಡಪ್ಪ! ಲಕ್ಷಾಂತರ ವರ್ಷದ ಹಿಂದ ಅಳಿದುಹೋದದ್ದು. ಸಿಂಹದಷ್ಟು ತೂಕ, ಮೊಂಡ ಮೂತಿ. ಆನಿ ಎಲುಬನ್ನೂ ಚಕ್ಕಲಿ ಮುರಿದಂಗ ಮುರೀತಿತ್ತು!”

“ಮಂದಿ ಬಾಗಲಕ್ಕ ಮಾವಿನ ತಳಿರು ಕಟ್ಟತಾರ. ನೀವು ಎಲುಬು ಕಡಿಯೋದನ್ನ ಕಟ್ರಿ!”

ಕಟ್ಟಿಯೇ ಬಿಟ್ಟೆ. ಹಳೇ ಪೇಪರಿಗೆ ಮೈದಾ ಅಂಟು ಹಚ್ಚಿ ಪದರ ಪದರವಾಗಿ ತಲೆ. ಕಸಬರಿಗೆಯ ಜೂಲು. ಕಣ್ಣಿಗೆ ಸ್ಕೂಟರಿನ ಕೆಂಪು ರಿಫ್ಲೆಕ್ಟರು. ಹಲ್ಲಿಗೆ ಮಾತ್ರ ಪ್ರಿಯಂವದಾ ಚಟ್ನಿಗೆಂದು ಇಟ್ಟಿದ್ದ ಒಣಕೊಬ್ಬರಿಯನ್ನು ರಾಷ್ಟ್ರೀಕರಣ ಮಾಡಿದೆ.

ಗೃಹಪ್ರವೇಶದ ಹಿಂದಿನ ಸಂಜೆ ಅದನ್ನು ಬಾಗಿಲ ಮೇಲೆ ತೂಗುಹಾಕಿದೆವು. ಆಗ ಗೊತ್ತಾಯಿತು, ಕೆಲಸ ತುಸು ಹೆಚ್ಚೇ ಚೆನ್ನಾಗಿ ಆಗಿಬಿಟ್ಟಿದೆ ಎಂದು. ಗೇಟಿನಲ್ಲಿ ಕ್ಯಾಬು ತಿರುಗಿದಾಗಲೊಮ್ಮೆ ಕಣ್ಣು ಭಗ್ ಎನ್ನುತ್ತಿತ್ತು. ಕ್ಯಾಬು ಹೋದ ಮೇಲೂ ಒಂದು ಕ್ಷಣ ಉರಿಯುತ್ತಲೇ ಇರುತ್ತಿತ್ತೋ ಏನೋ. ಗಾಳಿ ಇರಲಿಲ್ಲ, ಜೂಲು ಅಲುಗುತ್ತಿತ್ತು.

“ನಾ ಎಲ್ಲಿ ನಿಂತರೂ ನನ್ನ ನೋಡ್ತದ್ರೀ,” ಎಂದಳು ಪ್ರಿಯಂವದಾ, ರಂಗೋಲಿ ಅರ್ಧಕ್ಕೆ ಬಿಟ್ಟು.

“ಕಲಾ ಅಂದ್ರ ಅದು!” ಎಂದೆ. ದನಿ ಯಾಕೋ ಬಹಳ ಸಣ್ಣದಾಗಿ ಬಂತು.

ಅಷ್ಟರಲ್ಲಿ ನಾಯಿಗಳು ಬಂದವು. ಒಂದೊಂದೇ, ಸದ್ದಿಲ್ಲದೆ. ಒಂದೂ ಬೊಗಳಲಿಲ್ಲ! ಬಾಗಿಲ ಮುಂದೆ ಅರ್ಧಚಂದ್ರವಾಗಿ ಕುಳಿತು ಕತ್ತೆತ್ತಿದವು. “ಹಚಾ!” ಎಂದೆ. ಅವು ನನ್ನನ್ನು ನೋಡಲೇ ಇಲ್ಲ. ನನ್ನ ತಲೆಯ ಮೇಲೆ, ಹಿಂದಕ್ಕೆ ನೋಡುತ್ತಿದ್ದವು. ಗೇಟಿನವರೆಗೂ ನಾನು ಬೆನ್ನು ತಿರುಗಿಸದೆ ನಡೆದೆ. ವೈಜ್ಞಾನಿಕ ಎಚ್ಚರಿಕೆ, ಅಷ್ಟೆ!

ಮರುದಿನ ಸೂರ್ಯ ಹುಟ್ಟುವ ಮುನ್ನ ಮುಹೂರ್ತ. ಕರೆಂಟಿಲ್ಲ. ಒಂದೇ ಎಮರ್ಜೆನ್ಸಿ ಲೈಟು. ಅದರ ಬೆಳಕಿನಲ್ಲಿ ಗೋಡೆಯ ಮೇಲೆ ಆ ಮೂತಿಯ ನೆರಳು ಆನೆಯಷ್ಟಾಗಿತ್ತು. ಅತ್ತೆ ಗೋದಾಬಾಯಿಯವರು ಅಂಗಳದಲ್ಲೇ ನಿಂತು ಷರತ್ತು ಹಾಕಿದರು: “ಆಕಳ ಮೊದಲ ಒಳಗ ಹೋಗಬೇಕು. ಇಲ್ಲಂದ್ರ ನಾ ಹೊಸ್ತಿಲ ದಾಟಂಗಿಲ್ಲ. ಈ ಮುಹೂರ್ತ ತಪ್ಪಿತೋ, ಮತ್ತ ದೀಪಾವಳಿ ಆದಮ್ಯಾಲ!”

ಪ್ರಿಯಂವದಾಳ ಕಣ್ಣಲ್ಲಿ ನೀರು. ಸ್ವಂತ ಮನೆಗಾಗಿ ಅವಳು ಕಾದದ್ದು ಸಣ್ಣ ಕಾಲವಲ್ಲ.

ಗಚ್ಚಿಬೌಲಿಯ ಗೃಹಪ್ರವೇಶಗಳಿಗೆಲ್ಲ ಆಕಳು ಒದಗಿಸುವ ಅಂಬಾದಾಸ ತನ್ನ ಗಂಗಿಯನ್ನು ತಂದ. ಹೊಸ್ತಿಲವರೆಗೂ ಗಂಭೀರವಾಗಿ ಬಂದಳು. ನಿಂತಳು. ಕತ್ತೆತ್ತಿದಳು. ಕಣ್ಣು ಅಗಲವಾಯಿತು, ಮೈಯ ಚರ್ಮವೆಲ್ಲ ಅಲೆಯಂತೆ ನಡುಗಿತು, ಬಾಯಿಂದ ಜೊಲ್ಲಿನ ಎಳೆ ಇಳಿಯಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ!

ನನಗೆ ಭಯದಲ್ಲೂ ಹೆಮ್ಮೆ. “ನೋಡ್ರಿ ಅತ್ತಿಯವರ! ಎಂದೂ ಕಾಣದ ಪ್ರಾಣಿ, ಆದರೂ ಗುರುತು ಹಿಡದಾಳ! ಲಕ್ಷಾಂತರ ವರ್ಷದ ಅಂಜಿಕಿ ರಕ್ತದಾಗ ಉಳದದ!”

“ರಕ್ತದ ಮಾತು ಆಮ್ಯಾಲ. ಮೊದಲ ಆ ಮಾರಿ ಇಳಸ್ರಿ!”

ಸ್ಟೂಲು ಹತ್ತಿ ತಲೆಯನ್ನು ಬಿಚ್ಚಿ, ಎದೆಗವಚಿಕೊಂಡು ಇಳಿದೆ. ಆ ಕ್ಷಣಕ್ಕೇ ಎಮರ್ಜೆನ್ಸಿ ಲೈಟೂ ಆರಿತು.

ಕಗ್ಗತ್ತಲು. ಮುಖದ ಮೇಲೆ ಬಿಸಿಯುಸಿರು. ಕೈಯೊಳಗಿನ ತಲೆ ಅಲುಗಿತು. ಅಲ್ಲ, ಎಳೆಯಿತು! ಆಮೇಲೆ, ನನ್ನ ಬೆರಳುಗಳ ಪಕ್ಕದಲ್ಲೇ... ಕಟುಂ!

“ಜೀವ ಬಂತು! ಎಲುಬು ಕಡೀಲಿಕ್ಕತ್ತದ!” ಎಂದು ಕಿರುಚುತ್ತ ಹಿಂದೆ ಹಿಂದೆ ಸರಿದೆ. ಕೈ ಬಿಡೋಣವೆಂದರೆ ಬೆರಳು ಕೇಳುತ್ತಿಲ್ಲ! ಕಟುಂ, ಕಟುಂ ಎನ್ನುತ್ತ ಅದು ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿತು.

ಕರೆಂಟು ಬಂತು.

ಹೊಸ ಹಾಲಿನ ಒಳಗೋಡೆಗೆ ನಾನು, ನನ್ನೆದುರು ಗಂಗಿ! ಬಾಯಲ್ಲಿ ಕತ್ತೆಕಿರುಬದ ಕೆಳದವಡೆ, ಕೊಬ್ಬರಿ ಹಲ್ಲುಗಳ ಸಮೇತ. ಮೂತಿ ಆಗಲೇ ಹೊಟ್ಟೆ ಸೇರಿತ್ತು.

“ಅಂಜಿಕಿ ಎಲ್ಲಿದ್ರಿ ಸಾಹೇಬ್ರ!” ಅಂಬಾದಾಸ ಬಿದ್ದು ಬಿದ್ದು ನಕ್ಕ. “ಗ್ವಾಡಿ ಮ್ಯಾಲಿನ ಸಿನಿಮಾ ಪೋಸ್ಟರ್ ತಿಂದು ಬೆಳದದ್ದು ಐತ್ರಿ ಇದು. ಮೈದಾ ಅಂಟಿನ ವಾಸನಿ ಬಡಿದ್ರ ಮುಗೀತು, ಹೋಳಗಿ ಕಂಡಂಗ ಮಾಡತೈತಿ!”

“ಮತ್ತ... ಆ ನಾಯಿಗಳು?” ಎಂದೆ, ಗೋಡೆ ಬಿಡದೆ.

“ಅವಕ್ಕೇನ್ ಬಾಯಿ ಇಲ್ಲೇನ್ರಿ?”

ಮುಹೂರ್ತ ಇನ್ನೂ ಮೀರಿರಲಿಲ್ಲ. ಗೋದಾಬಾಯಿಯವರು ಬಲಗಾಲಿಟ್ಟು ಒಳಬಂದರು. ಗಂಗಿಯ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಮಗಳತ್ತ ತಿರುಗಿ, ತುಂಬು ಸಂತೋಷದಿಂದ ಹೇಳಿದರು:

“ಇಷ್ಟು ವರ್ಷಕ್ಕ ನಮ್ಮ ಅಳಿಯಂದ್ರ ವಿದ್ಯಾ ಒಬ್ಬರ ಬಾಯಿಗಾದರೂ ರುಚಿ ಹತ್ತಿತು ನೋಡವಾ, ಪ್ರಿಯಂವದಾ!”